ಹತ್ತನೆಯ ಚೂರು

ಬೋಗುಣಿಯ ತಳದ ಮೇಲೆ ಬೆರಳಷ್ಟು ಬಿಸಿಲು, ಆಗ ಅಂಚಿನಲ್ಲಿತ್ತು, ಈಗ ನಡುವಿಗೆ ಸರಿದಿದೆ, ನೆಲದ ಮೇಲೆ ಕವುಚಿದ ತಾಮ್ರದ ಬೋಗುಣಿ, ಬೆಳ್ಳಿ ಕೆಲಸದ ಗಂಡ ಖಮೂಸ್ ಮದುವೆಗೂ ಮುಂಚೆ ತನ್ನ ಕೈಯಾರೆ ಬಡಿದದ್ದು, ಸುತ್ತಿಗೆಯ ಗುಳಿಗೊಂದು ಪುಟ್ಟ ಸೂರ್ಯ — ಹನೀನಾ ಅದನ್ನೇ ನೋಡುತ್ತ ಕೂತಳು, ಎತ್ತುವಂತಿಲ್ಲ, ಯಹೂದಿಗಳ ಪೆಸಾಖ್ ಹಬ್ಬದ ಮೊದಲೆರಡು ದಿನ ಹುದುಗು ಹಾಕಿದ ರೊಟ್ಟಿ ಮನೆಯಲ್ಲಿ ಕಣ್ಣಿಗೆ ಬಿದ್ದರೆ ಮುಟ್ಟಬಾರದು, ಮೇಲೊಂದು ಪಾತ್ರೆ ಕವುಚಿ ಕಾಯಬೇಕು, ಮೂರನೆಯ ದಿನ ಸುಡಬೇಕು, ಅಮ್ಮ ಹೇಳಿದ್ದು, ಅಮ್ಮನಿಗೆ ಅವಳಮ್ಮ. ಬೆಳಿಗ್ಗೆ ಪ್ರಾರ್ಥನೆಗೆ ಹೊರಡಲು ಪೆಟ್ಟಿಗೆ ತೆರೆದು ಶಾಲು ಕೊಡವಿದ್ದೇ, ರೊಟ್ಟಿ ಚೂರಿನ ಪೊಟ್ಟಣ ಟಪ್ಪೆಂದು ಬಿತ್ತು. ಬಾಗಿಲಲ್ಲಿ ಪಕ್ಕದ ಮನೆಯ ತೋಯ್ತಾ, ಬರಲ್ವಾ ಅಕ್ಕಾ, ಇನ್ನೂ ಮದುಮಗಳ ಥರ ಸಿಂಗಾರಾನಾ? ನೀನು ನಡಿ, ಬಂದೆ ಅಂದಳು, ಹೋಗಲಿಲ್ಲ. ಅಂಗಳದ ಬಿಸಿಲಲ್ಲಿ ಗಂಡ ಕೀರ್ತನೆ ಹೇಳಿಕೊಳ್ಳುತ್ತಿದ್ದಾನೆ, ಒಂದಕ್ಷರ ತಪ್ಪಿಲ್ಲ, ಸುಣ್ಣ ಹೊಡೆದ ಗೋಡೆಗೆ ತಾಗಿ ದನಿ ವಾಪಸು ಬರುತ್ತಿದೆ.

ಮೊನ್ನೆ ಸಂಜೆಯದು ತನ್ನದೇ ತಪ್ಪು, ಹಬ್ಬಕ್ಕೆ ಮುಂಚೆ ಮನೆಯಲ್ಲಿ ಹುದುಗಿನ ರೊಟ್ಟಿ ಉಳಿದಿಲ್ಲವೆಂದು ಹುಡುಕಿ ನೋಡಬೇಕು, ಅದಕ್ಕೇ ಪ್ರತಿ ವರ್ಷ ರೊಟ್ಟಿಯ ಹತ್ತು ಚೂರು ಕಾಗದದಲ್ಲಿ ಸುತ್ತಿ ಬಚ್ಚಿಡುವವಳು ತಾನು, ಮೋಂಬತ್ತಿ ಹಿಡಿದು ಹುಡುಕುವವನು ಅವನು, ಈ ಸಲ ಮೋಂಬತ್ತಿಯನ್ನು ಅವಳ ಕೈಗಿಟ್ಟ, ನಾನು ಬಚ್ಚಿಡ್ತೀನಿ ಕಣೇ, ನೀನು ಹುಡುಕು ಅಂದ, ಕಣ್ಣಲ್ಲಿ ಎಂದೋ ಕಂಡ ತುಂಟತನ. ಎಲ್ಲೆಲ್ಲಿಟ್ರಿ ಅಂತ ಒಂದು ಚೀಟೀಲಿ ಬರೀರಿ ಅನ್ನಬೇಕಿತ್ತು, ಬೀದಿಯ ಎಲ್ಲ ಮನೆಗಳಲ್ಲೂ ಬರೆದಿಡುತ್ತಾರೆ, ಆದರೆ ಹಾಗಂದರೆ ನೀವು ಮರೀತೀರಿ ಅಂದ ಹಾಗಲ್ಲವೇ. ಒಂಬತ್ತು ಸಿಕ್ಕವು. ಹತ್ತನೇದೆಲ್ರೀ? ಅಡುಗೆಮನೆಯ ನಡುವೆ ನಿಂತು ನಕ್ಕ, ಹತ್ತಾ? ನಾನಾ ಇಟ್ಟೆ? ನಿನ್ನೆ ಬೆಳಿಗ್ಗೆ ಒಂಬತ್ತನ್ನು ಸುಟ್ಟು, ಸುಟ್ಟಮೇಲೆ ಹೇಳಲೇಬೇಕಾದ ಹಳೆಯ ಮಾತು ಹೇಳಿದ, ಈ ಮನೆಯಲ್ಲಿ ಕಾಣದೆ ಉಳಿದ ಹುದುಗು ನಮ್ಮದಲ್ಲ, ಅದು ನೆಲದ ಧೂಳು, ಹೇಳುತ್ತ ಹೇಳುತ್ತ ಅವನ ಮುಖ ಎಷ್ಟು ಹಗುರಾಯಿತು, ಅವನೊಳಗೆ ಕಾಣದೆ ಹೋದದ್ದೆಲ್ಲ ಹಾಗಾದರೆ ಧೂಳೇ, ತಾನೂ —

ಬೇಡ, ನೆನೆಯಬಾರದು, ಆದರೆ ಇವತ್ತು ಸಂಜೆ ಮತ್ತೆ ಅದೇ ಹಬ್ಬದೂಟ, ಎರಡನೆಯ ಸಲ, ಅದೇ ತಟ್ಟೆ, ಕಹಿ ಸೊಪ್ಪು, ಉಪ್ಪುನೀರು. ನಿನ್ನೆ ತಟ್ಟೆಯನ್ನು ಅವಳ ತಲೆಯ ಮೇಲೆ ಮೂರು ಸುತ್ತು ತಿರುಗಿಸಿದ, ಅವಸರದಲ್ಲಿ ಈಜಿಪ್ಟ್ ಬಿಟ್ಟು ಬಂದೆವು ಅಂತ ಹಾಡಿದ, ಹುದುಗಿಲ್ಲದ ರೊಟ್ಟಿ ಎತ್ತಿ ಹಿಡಿದು ಹಸಿದವರೆಲ್ಲ ಬಂದು ಉಣ್ಣಲಿ ಅಂದ, ಆಮೇಲೆ ಅವನ ಕಣ್ಣು ಅವಳ ಮೇಲೆ ನಿಂತಿತು, ಎಂಥ ಕರುಣೆ ಆ ಕಣ್ಣಲ್ಲಿ, ನೀವು ಯಾರಮ್ಮ, ದೂರದಿಂದ ಬಂದ್ರಾ? ಸಂಕೋಚ ಮಾಡ್ಕೋಬೇಡಿ, ಕೂತ್ಕೊಳ್ಳಿ, ಹೊಟ್ಟೆ ತುಂಬಾ ಊಟ ಮಾಡಿ. ನಲವತ್ತೊಂದು ವರ್ಷ ಲೇ ಅಂದವನು, ಜಗಳದಲ್ಲಿ ಹೋಗೇ ಅಂದವನು, ನೀವು ಅಂದ, ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ. ಕೂತಳು. ಮಕ್ಕಳಿಲ್ಲದ ಮನೆಯಲ್ಲಿ ಪ್ರಶ್ನೆ ಕೇಳಬೇಕಾದವಳು ಹೆಂಡತಿ, ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಯಾಕೆ ಬೇರೆ ಅಂತ ಅವಳೇ ಕೇಳಬೇಕು, ಕೇಳಿದಳು, ಚೆನ್ನಾಗಿ ಕೇಳಿದ್ರಿ ಅಂದ ಅವನು, ನಾವು ಗುಲಾಮರಾಗಿದ್ದೆವು ಅಂತ ಶುರುಮಾಡಿ ಫರೋಹ, ಹತ್ತು ಪೀಡೆ, ಸೀಳಿದ ಕಡಲು, ಸಾವಿರಾರು ವರ್ಷದ ಹಿಂದಿನದನ್ನು ನಿನ್ನೆ ಕಂಡವನ ಹಾಗೆ ಹೇಳಿದ, ನೆನೆಯಬೇಕು ಅನ್ನುವ ಹಬ್ಬ ಇದು ಭಗವಂತಾ, ಅಷ್ಟು ದೊಡ್ಡ ಕಡಲು ಅವನ ತಲೆಯಲ್ಲಿ ಹಿಡಿಸುತ್ತದೆ, ಇಷ್ಟೇ ಇಷ್ಟು ಹೆಂಗಸು ಹಿಡಿಸುವುದಿಲ್ಲವೇ.

ಆದರೂ ಶಾಲು — ಶಾಲಿನ ಮಡಿಕೆ ಅವನಿಗೆ ನೆನಪಿತ್ತು! ಕಾಗದದ ಮೇಲೆ ಬೆಳ್ಳಿ ತಂತಿ, ಹೂವಿನಂಥ ಗಂಟು, ಬೆಳ್ಳಿ ಕೆಲಸದವನ ಗಂಟು, ಉಳಿದ ಒಂಬತ್ತಕ್ಕೆ ಇರಲಿಲ್ಲ, ಮದುವೆಯಾದ ಮೊದಲ ಪೆಸಾಖ್‌ನಲ್ಲಿ, ಅದೊಂದೇ ಸಲ, ಹೀಗೇ ಇಟ್ಟಿದ್ದ, ಇದೇ ಗಂಟು, ಮನೆಯೆಲ್ಲ ತಡಕಾಡಿ ಇಬ್ಬರೂ ನಕ್ಕು ನಕ್ಕು, ಅತ್ತೆ ಒಳಗಿಂದ, ಏನ್ರೋ ಇದು, ಹಬ್ಬದ ಮಡಿಯೋ ಕಣ್ಣಾಮುಚ್ಚಾಲೆಯೋ? ಅವನು ಕಿವಿಯಲ್ಲಿ, ನೀನು ಕೈ ಹಾಕೇ ಹಾಕೋ ಜಾಗದಲ್ಲಿ ಇಟ್ಟಿದೀನಿ ಕಣೇ. ಹಾಗಾದರೆ ಎಲ್ಲ ಹೋಗಿಲ್ಲ, ಒಂದು ಚೂರು ಉಳಿದಿದೆ, ಎದ್ದಳು, ಕೂಗಿಯೇಬಿಟ್ಟಳು, ರೀ, ಸಿಕ್ತು ಕಣ್ರೀ, ಹತ್ತನೇದು, ನನ್ನ ಶಾಲಲ್ಲೇ ಇತ್ತು! ಕೀರ್ತನೆ ನಿಂತಿತು, ಚಪ್ಪಲಿಯ ಸದ್ದು, ಹೊಸ್ತಿಲಲ್ಲಿ ನಿಂತು ಬೋಗುಣಿ ನೋಡಿದ, ಅವಳನ್ನು ನೋಡಿದ, ತುಟಿಯ ಮೇಲೆ ಬೆರಳಿಟ್ಟ, ಶ್, ಮೆಲ್ಲಗೆ ಮಾತಾಡೀಮ್ಮ, ಅದು ನನ್ನ ಹೆಂಡ್ತಿಗೆ ಅಂತ ಬಚ್ಚಿಟ್ಟಿದ್ದು, ಅವಳೇ ಹುಡುಕ್ಬೇಕು, ಇಲ್ಲೇ ಎಲ್ಲೋ ಇದಾಳೆ, ಈಗ ಬರ್ತಾಳೆ. ಬೋಗುಣಿಯ ಆಚೆ ಬದಿಗೆ ಮಂಡಿಯೂರಿ ಕೂತ, ಬಾಗಿಲ ಕಡೆ ಮುಖ ಮಾಡಿ ಕಾಯತೊಡಗಿದ, ನಗು ತಡೆದುಕೊಂಡ ಹುಡುಗನ ಮುಖ, ಬಾಗಿಲಲ್ಲಿ ಯಾರೂ ಇಲ್ಲ, ಬಿಸಿಲು ತಳದ ನಡುವಿನಿಂದ ಜಾರುತ್ತಿದೆ, ಗುಳಿಗಳ ಸೂರ್ಯರು ಒಂದೊಂದಾಗಿ ಆರುತ್ತಿದ್ದಾರೆ, ಸಂಜೆಗೆ ಮತ್ತೆ ಹಸಿದವರೆಲ್ಲ ಬನ್ನಿ, ಮತ್ತೆ ನೀವು ಯಾರಮ್ಮ, ಅವಳು ಬರುತ್ತಾಳೆ, ಯಾರು, ಕೈ ಹಾಕೇ ಹಾಕೋ ಜಾಗ, ಮುಟ್ಟುವಂತಿಲ್ಲ, ಬೋಗುಣಿ, ಕವುಚಿದ ಬೋಗುಣಿ, ಅದರಡಿ ಬೆಳ್ಳಿ ಗಂಟು, ಬೋಗುಣಿ —