ಮಾತು ಮುಗಿಸುವವನು

ನನ್ನ ನಾಲಿಗೆ ಸರಿಮಾಡಲು ಖರ್ಚಾದದ್ದು ಇಷ್ಟು: ಅಮ್ಮನ ಬಳೆ, ಅಪ್ಪನ ಸೈಕಲ್ಲು, ಉಸಿರಾಟದ ಕ್ಲಾಸಿನ ಫೀಸು, ಬಾಯಲ್ಲಿ ಗೋಲಿ ಇಟ್ಟುಕೊಂಡು ಕಳೆದ ಒಂದು ಇಡೀ ಬೇಸಿಗೆ ರಜೆ. ಸಾಲದ್ದಕ್ಕೆ ಪ್ರತಿ ಹೊಸ ವರ್ಷಕ್ಕೂ ನನಗೆ ನಾನೇ ಹಾಕಿಕೊಂಡ ಆಣೆ: ಈ ವರ್ಷ ತೊದಲುವುದಿಲ್ಲ. ಬಳೆ ಹೋಯಿತು, ಸೈಕಲ್ಲು ಹೋಯಿತು. ತೊದಲು ಮಾತ್ರ ಹೊರಡುವ ಸುಳಿವೇ ಕೊಡದ ನೆಂಟನ ಹಾಗೆ ಕಾಲು ಚಾಚಿ ಕೂತೇ ಇತ್ತು.

ಖರ್ಚಿಲ್ಲದೆ ಸಿಕ್ಕಿದ್ದು ಅಣ್ಣನ ಸಹಾಯ. ನಾನು ಮಾತು ಶುರು ಮಾಡಿದರೆ ಅವನು ಮುಗಿಸುತ್ತಿದ್ದ. ಅಂಗಡಿಯಲ್ಲಿ ನಾನು ಹಸಿರು ಚಪ್ಪಲಿ ಕೇಳಲು ಬಾಯಿ ತೆರೆದರೆ ಮನೆಗೆ ಬರುತ್ತಿದ್ದದ್ದು ಕಂದು ಚಪ್ಪಲಿ. "ಎಂಥಾ ಅಣ್ಣ, ತಂಗಿ ಬಾಯಿಬಿಡೋ ಮೊದಲೇ ಮನಸ್ಸು ತಿಳ್ಕೋತಾನೆ!" ಎಂದು ಅತ್ತೆಯರು ಹೊಗಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕಂದು ಚಪ್ಪಲಿ ಹಾಕಿಕೊಳ್ಳುವುದು ಜಗಳ ಆಡುವುದಕ್ಕಿಂತ ಸುಲಭವಾಗಿತ್ತು.

ನಾನು ಕೆಲಸ ಮಾಡುವುದು ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಒಗೆಯುವ ಲಾಂಡ್ರಿಯಲ್ಲಿ. ಅಲ್ಲಿ ಹಬೆಯ ಪ್ರೆಸ್ಸಿದೆ. ಮಂಚದಗಲದ ಕಾದ ತಗಡು ಮೇಲಿಂದ ಬಟ್ಟೆಯ ಮೇಲೆ ಇಳಿಯುತ್ತದೆ. ಇಳಿಸುವ ಮೊದಲು ಪಾಳಿಯ ಮುಖ್ಯಸ್ಥೆ "ಕೈ!" ಎಂದು ಕೂಗಬೇಕು, ಎಲ್ಲರೂ ಕೈ ಎತ್ತಬೇಕು. ಆ ಕೂಗು ತಪ್ಪಿದರೆ ಬೆರಳು ಹೋದ ಹಾಗೆಯೇ.

ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದ ಹಳೇ ಮುಖ್ಯಸ್ಥೆ ವರ್ಷದ ಕೊನೆಗೆ ಕೆಲಸ ಬಿಟ್ಟರು. ಹೋಗುವಾಗ ನನ್ನ ಹೆಸರು ಹೇಳಿದ್ದರಂತೆ. ಹೊಸ ವರ್ಷದ ಮೊದಲ ಬೆಳಗ್ಗೆ ಯಜಮಾನರು ಎಲ್ಲರೆದುರು ಕೇಳಿದರು: "ಏನಮ್ಮ, ವಹಿಸ್ಕೋತೀಯಾ?"

ಆ ಕೆಲಸ ನನಗೆ ಬೇಕಿತ್ತು. ಯಾವ ಬಟ್ಟೆಗೆ ಎಷ್ಟು ಹಬೆ, ಯಾರ ಕೈ ನಿಧಾನ, ಎಲ್ಲ ನನಗೆ ಗೊತ್ತಿತ್ತು.

"ನಾ... ನಾ... ನಾನು..."

"ಆಗಲ್ಲ ಅಂತಿದ್ದಾಳೆ ಸಾರ್," ಎಂದ ಅಣ್ಣ. ಅವನು ಅಲ್ಲೇ ವ್ಯಾನ್ ಡ್ರೈವರ್. ಬಟ್ಟೆಗಂಟು ತುಂಬಿಸಿಕೊಳ್ಳಲು ಬಂದು ನಿಂತಿದ್ದ. "ಅವಳಿಗೆ ಸಂಕೋಚ. ಬಟ್ಟೆ ಮಡಚೋ ಮೇಜಲ್ಲೇ ಇರ್ಲಿ ಬಿಡಿ, ಪಾಪ."

"ಅದೂ ಸರೀನೇ," ಎಂದು ಬಟ್ಟೆ ಮಡಚುವವನೊಬ್ಬ ಹಲ್ಲು ಕಿರಿದ. "ನಮ್ಮ ರೈಲು 'ಕೈ' ಅನ್ನೋ ಹೊತ್ತಿಗೆ ನಮ್ಮ ಕೈಗೂ ಇಸ್ತ್ರಿ ಆಗಿರುತ್ತೆ!"

ರೈಲು ಅಂದರೆ ನಾನು. ಎಲ್ಲರೂ ನಕ್ಕರು. ಆ ನಗು ನನಗೇನೂ ಹೊಸದಲ್ಲ. ಅಣ್ಣನ ಆ "ಪಾಪ" ಮಾತ್ರ ತಲೆಗೇರಿತು.

"ಅ... ಅಣ್ಣ, ಅದು ನನ್ನ ಮಾ... ಮಾ..."

"ಮಾತು," ಎಂದ ಅವನು, ಅಭ್ಯಾಸಬಲದಿಂದ.

"ನ... ನನ್ನ ಮಾತು! ಅದು ಮು... ಮುಗಿಯೋವರೆಗೆ ಬಾ... ಬಾಯಿ ಮುಚ್ಕೊಂಡು ನಿಂತ್ಕೋ!"

ಸಿಟ್ಟು ಬಂದರೆ ತೊದಲು ಓಡಿಹೋಗುತ್ತದೆ ಎಂದು ಯಾರೋ ಹೇಳಿದ್ದರು. ಶುದ್ಧ ಸುಳ್ಳು, ಇನ್ನೂ ಹೆಚ್ಚುತ್ತದೆ. ನಾನು ನಿಲ್ಲಿಸಲಿಲ್ಲ. ಎಂಜಲು ಹಾರಿತು. ಎಲ್ಲರೂ ಕಾಯಬೇಕಾಯಿತು. ಕಾಯಲಿ.

"ಸಾ... ಸಾರ್, ನಾನು ವ... ವಹಿಸ್ಕೋತೀನಿ."

ಯಜಮಾನರು ತಲೆ ಕೆರೆದುಕೊಂಡರು. "ಸರಿನಮ್ಮ. ಆದ್ರೆ ಕೂಗೋದು?"

ಅದು ನ್ಯಾಯವಾದ ಪ್ರಶ್ನೆ. ಬೆರಳುಗಳಿಗೆ ನನ್ನ ಸ್ವಾಭಿಮಾನ ಕಟ್ಟಿಕೊಂಡು ಏನಾಗಬೇಕು? ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರ್ ತೆಗೆದು ಹಬೆಯ ಪೈಪಿಗೆ ಇದ್ದ ಸಿಟ್ಟನ್ನೆಲ್ಲ ಸೇರಿಸಿ ಒಂದು ಬಿಟ್ಟೆ. ಠಣ್ಣೆಂದಿತು. ಪ್ರೆಸ್ಸಿನ ಹತ್ತಿರವಿದ್ದ ಅಷ್ಟೂ ಕೈಗಳು ಮೇಲೆದ್ದವು. ಅಣ್ಣನವೂ.

"ಕೂ... ಕೂಗಲ್ಲ. ಹೊಡೀತೀನಿ. ನನ್ನ ನಾ... ನಾಲಿಗೆ ಸರಿಹೋಗಲ್ಲ. ಈ ವರ್ಷಾನೂ ಇಲ್ಲ, ಮುಂ... ಮುಂದಿನ ವರ್ಷಾನೂ ಇಲ್ಲ. ಯಾರೂ ಕಾ... ಕಾಯ್ಕೊಂಡು ಕೂರಬೇಡಿ. ನಾನೂ ಕಾಯಲ್ಲ."

"ದೊಡ್ಡಮ್ಮನ ಕೂಗು ಮೆಷಿನ್ ಸದ್ದಲ್ಲಿ ಅರ್ಧ ಕೇಳ್ತಾನೇ ಇರ್ಲಿಲ್ಲ," ಎಂದು ಕಿವಿ ಉಜ್ಜಿಕೊಂಡ ಮಡಚುವವನು. "ಇದು ಪಕ್ಕದ ಬೀದಿಗೂ ಕೇಳುತ್ತೆ." ಈ ಸಲ ನಾನೂ ನಕ್ಕೆ.

ಹೊರಗೆ ಅಣ್ಣ ನನ್ನನ್ನು ತಡೆದ. "ನಾಲ್ಕು ಜನರೆದುರು ನನ್ನ ಮಾನ ಕಳೆದೆಯಲ್ಲ! ನಿನ್ನ ಒಳ್ಳೇದಕ್ಕಲ್ವಾ ನಾನು ಹೇಳಿದ್ದು?"

"ನ... ನನ್ನನ್ನ ಕೇಳಿದ್ಯಾ?"

"ಅದು... ಅಂದ್ರೆ... ನಾನು..." ಎಂದು ಅವನೂ ತಡವರಿಸಿದ. ನಾನು ಮುಗಿಸಿಕೊಡಲಿಲ್ಲ.

ಪಾಳಿ ಈಗ ನನ್ನದು, ಸಂಬಳವೂ ಸ್ವಲ್ಪ ಏರಿದೆ. ತೊದಲು ಹಾಗೇ ಇದೆ. ಅಣ್ಣ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ, ವ್ಯಾನಿಗೂ ಹತ್ತಿಸಿಕೊಳ್ಳುವುದಿಲ್ಲ. ನಾನು ಕೆಲಸಕ್ಕೆ ನಡೆದೇ ಹೋಗುತ್ತೇನೆ.