ಅಜ್ಜಿಯ ಒಗೆಯುವ ಕಲ್ಲು

ಅಮ್ಮ ಒದ್ದೆ ಬೆಡ್‌ಶೀಟನ್ನು ಕುಕ್ಕಲು ಎತ್ತಿದ್ದಳು. ಮಗಳು ಓಡಿಬಂದು ಕಲ್ಲಿಗೆ ಅಂಗೈ ಅಡ್ಡ ಇಟ್ಟಳು. ಎಳೆಬಿಸಿಲು ಓರೆಯಾಗಿ ಬಿದ್ದಲ್ಲಿ ಸುರುಳಿ ಸುತ್ತಿದ ಗೆರೆಯೊಂದು ಕಾಣುತ್ತಿತ್ತು.

ಹಿತ್ತಿಲು ಅಗೆದಾಗ ಸಿಕ್ಕಿದ್ದ ಆ ಕಲ್ಲಿನ ಮೇಲೆ ಅಜ್ಜಿ ಮೂವತ್ತು ವರ್ಷ ಬಟ್ಟೆ ಒಗೆದಿದ್ದಳು. ಅವಳು ತೀರಿಕೊಂಡು ತಿಂಗಳಾಯಿತು. ಮಾತಿಗೊಂದು ಪ್ರಶ್ನೆ ಕೇಳಿ ತಲೆ ತಿನ್ನುತ್ತಿದ್ದ ಮಗಳು ಅಂದಿನಿಂದ ಏನನ್ನೂ ಕೇಳಿರಲಿಲ್ಲ. ಅಮ್ಮನಿಗೆ ಆ ಮೌನವೇ ದಿಗಿಲು.

ಪಕ್ಕದ ಮನೆಯ ಭೂಗರ್ಭಶಾಸ್ತ್ರದ ಮೇಷ್ಟ್ರು ಗೋಡೆಯಾಚೆಯಿಂದ ಇಣುಕಿದರು. “ಒಂದು ಹನಿ ನಿಂಬೆರಸ ಬಿಡಮ್ಮ. ಸೋಪಿಲ್ಲದ ಕಡೆ! ಇಲ್ಲಾಂದ್ರೆ ಕಲ್ಲಿನ ಬದಲು ನಿಮ್ಮತ್ತೆ ಸೋಪೇ ಗುಳ್ಳೆಯೆಬ್ಬಿಸಿ ಉತ್ತರ ಹೇಳಿಬಿಡುತ್ತೆ.”

ಅಮ್ಮ ನಿಂಬೆಹೋಳು ತಂದು ಹಿಂಡಿದಳು. ಕಲ್ಲು ಸಣ್ಣಗೆ ಗುಳ್ಳೆಯೆಬ್ಬಿಸಿತು.

“ಗುಳ್ಳೆ ಬಂತಲ್ಲ, ಹಾಗಾದ್ರೆ ಸುಣ್ಣದಕಲ್ಲು. ಅದರಲ್ಲಿರೋದು ಶಂಖದ ಅಚ್ಚು. ಒಂದು ಕಾಲಕ್ಕೆ ಇಲ್ಲೆಲ್ಲ ಸಮುದ್ರಾನೇ. ನಿಮ್ಮತ್ತೆ ಇಷ್ಟು ವರ್ಷ ಸಮುದ್ರದ ತಳದಲ್ಲಿ ಕೂತು ಬಟ್ಟೆ ಒಗೆದ್ರು ಬಿಡು!”

ಹಿತ್ತಿಲೆಲ್ಲ ಸದ್ದಿಲ್ಲದೆ ನೀರು ತುಂಬಿದಂತೆ ಅಮ್ಮನಿಗೆ ಅನ್ನಿಸಿತು; ತಂತಿಯ ಮೇಲಿನ ಬಟ್ಟೆಗಳು ಮೀನುಗಳಂತೆ ಮೆಲ್ಲಗೆ ಹೊರಳಿದವು. ಅವಳು ಪಿನ್ನು ಹಿಡಿದು, ಅಜ್ಜಿಯ ಕಾಲದಿಂದ ಗೆರೆಯಲ್ಲಿ ಕೂತಿದ್ದ ಹಳದಿ ಸೋಪನ್ನು ಕೆರೆಯತೊಡಗಿದಳು. ಮಗಳು ಚೂರುಗಳನ್ನು ಅಂಗೈಯಲ್ಲಿ ಕೂಡಿಟ್ಟು ಮೂಸಿದಳು.

“ಅಮ್ಮಾ, ಸಮುದ್ರ ಹೋದ್ಮೇಲೂ ಶಂಖ ಉಳೀತಲ್ಲ, ಅಜ್ಜೀದೂ ಹಾಗೇ ಏನಾದ್ರೂ ಉಳಿಯುತ್ತಾ?”