ಓರೆಪಟ್ಟಿ ಮೊದಲು ಕಿತ್ತರು

ಹಿಮ ಕರಗಿ, ಹೊಲದ ಕೆಸರು ಆರುತ್ತಿದ್ದ ಮೇ ತಿಂಗಳು. ಬೆಳಗಿನ ಹಾಲು ಕರೆದು ಮುಗಿದಿತ್ತು, ಬಿಸಿಲು ಇನ್ನೂ ಹಿತ್ತಲ ಬೇಲಿ ದಾಟಿರಲಿಲ್ಲ. ಆ ಹೊತ್ತಿಗೆ ನೆಸ್ತರ್ ತನ್ನ ತಂಗಿ ತೆಕ್ಲಾಳನ್ನು ಕರೆದುಕೊಂಡು ಹತ್ಯಾರಿನ ಶೆಡ್ಡು ಕೆಡವಲು ನಿಂತ.

ಉಕ್ರೇನಿನಿಂದ ಸಸ್ಕಾಚೆವಾನಿನ ಬಯಲಿಗೆ ಬಂದ ಅವರ ಅಪ್ಪ ಮೊಟ್ಟಮೊದಲು ಕಟ್ಟಿದ್ದು ಅದನ್ನೇ. ಮನೆ ಏಳುವ ತನಕ ಸಂಸಾರ ಅದರೊಳಗೇ ಇತ್ತಂತೆ. ಈಗ ಅದು ಕುಡಿದವನು ಗೆಳೆಯನ ಹೆಗಲಿಗೆ ಬಿದ್ದ ಹಾಗೆ ಪಕ್ಕದ ಕೋಳಿಮನೆಯ ಕಡೆಗೆ ವಾಲಿತ್ತು.

ತೆಕ್ಲಾಗೆ ಐವತ್ತು ದಾಟಿತ್ತು. ಯಾರ್ಕ್‌ಟನ್ ಪಟ್ಟಣದಲ್ಲಿ ಅವಳ ಚಿಕ್ಕಮ್ಮನ ಮಗಳು ಬೇಕರಿ ಇಟ್ಟಿದ್ದಳು. ಮೇಲೊಂದು ಕೋಣೆ ಇದೆ, ಈ ತಿಂಗಳೊಳಗೆ ಬಂದರೆ ನಿನಗೆ, ಇಲ್ಲವಾದರೆ ಬೇರೆಯವರಿಗೆ ಎಂದು ಹೇಳಿ ಕಳಿಸಿದ್ದಳು. ತೆಕ್ಲಾ ಮನೆ ಬಿಡುವ ಮಾತು ಹೊಸದಲ್ಲ. ಮೊದಲು ಅಮ್ಮ ಇರುವ ತನಕ ಇರು ಅಂದರು. ಆಮೇಲೆ ಬಿತ್ತನೆ ಮುಗಿಯಲಿ, ಕೊಯ್ಲು ಮುಗಿಯಲಿ, ಹಸು ಕರು ಹಾಕಲಿ. ಅರೆಬರೆ ಕೆಲಸ ಬಿಟ್ಟು ಹೊಸಿಲು ದಾಟಿದವರು ಎಲ್ಲೂ ನೆಲೆ ನಿಲ್ಲುವುದಿಲ್ಲ ಎಂದು ಅವರ ಮನೆಯಲ್ಲಿ ಹೇಳುತ್ತಿದ್ದರು. ಒಕ್ಕಲು ಮನೆಯಲ್ಲಿ ಅರೆಬರೆಯಾಗಿರದ ಕೆಲಸ ಯಾವುದು? ಈ ಸಲ ನೆಸ್ತರ್ ಅಂದಿದ್ದು, "ಶೆಡ್ಡು ಕೆಡವಿಬಿಡೋಣ, ಆಮೇಲೆ ಹೋಗುವಿಯಂತೆ."

ಪಕ್ಕದ ಹೊಲದ ಹರಾಸಿಮ್ ಲಾರಿ ನಿಲ್ಲಿಸಿ ಬೇಲಿಗೆ ಒರಗಿದ.

"ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಒಂದು ಸಲ ಎಳೀರಪ್ಪ. ಊಟದ ಹೊತ್ತಿಗೆ ಮುಗಿದೋಗ್ತದೆ."

"ಹಲಗೆ ಸೀಳ್ತವೆ," ಅಂದ ನೆಸ್ತರ್.

"ಸೀಳಿದ್ರೆ ಒಲೆಗೆ ಹಾಕು."

"ಹಂಗೆ ಒಲೆಗೆ ಹಾಕಿ ಹಾಕೀನೇ ನಿನ್ನ ಸೂರು ಸೋರ್ತಿರೋದು."

"ಸೋರ್ಲಿ ಬಿಡು. ಅದರ ಕೆಳಗೆ ನಾನು ನಿದ್ದೆ ಮಾಡ್ತೀನಿ. ನೀನು ಕೂತ್ಕೊಂಡು ಡೊಂಕು ಮೊಳೆ ನೆಟ್ಟಗೆ ಮಾಡ್ತಿರ್ತೀಯ." ಹರಾಸಿಮ್ ತೆಕ್ಲಾ ಕಡೆ ತಿರುಗಿದ. "ಗುರುವಾರ ಡೈರಿಗೆ ಕೆನೆ ಹಾಕೋಕೆ ಪಟ್ಟಣಕ್ಕೆ ಹೋಗ್ತೀನಿ ತಂಗಿ. ಲಾರೀಲಿ ಜಾಗ ಇರ್ತದೆ."

ತೆಕ್ಲಾ ಅಣ್ಣನ ಮುಖ ನೋಡಿದಳು. "ಕೆಲಸ ಮುಗಿದ್ರೆ," ಅಂದ ನೆಸ್ತರ್.

ಶೆಡ್ಡಿನ ಒಳಗೋಡೆಗಳಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಬಡಿದ ದಪ್ಪ ಪಟ್ಟಿಗಳಿದ್ದವು. ಗಂಟಿಲ್ಲದ ಮರ, ಕಟ್ಟಡಕ್ಕೆಲ್ಲ ಅದೇ ಬೆನ್ನುಮೂಳೆ. ಬೇರೆ ಯಾರಾದರೂ ಆಗಿದ್ದರೆ ಸೂರು ಇಳಿಸಿ, ಗೋಡೆ ಬಿಚ್ಚಿ, ಅವನ್ನು ಕೊನೆಗೆ ಮುಟ್ಟುತ್ತಿದ್ದರು. ಆದರೆ ಮೇಲಿನಿಂದ ಏನಾದರೂ ಬಿದ್ದು ಒಳ್ಳೆಯ ಮರ ಹಾಳಾದೀತೆಂದು ನೆಸ್ತರ್‌ಗೆ ಜೀವ ಹೊಡೆದುಕೊಳ್ಳುತ್ತಿತ್ತು. ಮೊದಲು ಓರೆಪಟ್ಟಿ ಅಂದ.

"ಇದನ್ನ ಕಿತ್ರೆ ನಿಲ್ತದಾ ಅಣ್ಣ?" ಒಳಗಿನಿಂದ ತೆಕ್ಲಾ ಕೇಳಿದಳು.

"ಅಪ್ಪನ ಕಾಲದಿಂದ ನಿಂತಿರೋದು ಇವತ್ತೇ ಬೀಳ್ತದಾ? ಕೀಳು."

ಕಿತ್ತಳು. ಕೊನೆಯ ಪಟ್ಟಿ ಕೈಗೆ ಬಂದದ್ದೇ, ಶೆಡ್ಡು ಮುದುಕಿ ಮಂಡಿ ಊರಿದ ಹಾಗೆ ಮೆಲ್ಲಗೆ ನರಳಿ ಕೋಳಿಮನೆಯ ಮೇಲೆ ಒರಗಿಕೊಂಡಿತು. ಬೀಳಲಿಲ್ಲ. ಬಾಗಿಲಿನ ಚೌಕಟ್ಟು ಓರೆಯಾಗಿ ಬಾಗಿಲನ್ನು ಕಚ್ಚಿ ಹಿಡಿಯಿತು. ಇದ್ದ ಒಂದು ಕಿಟಕಿ ಕೋಳಿಮನೆಯ ಗೋಡೆಗೆ ಮುಚ್ಚಿಹೋಯಿತು. ಸೂರು ತಗ್ಗಿ ತೆಕ್ಲಾ ಕುತ್ತಿಗೆ ಬಗ್ಗಿಸಿ ನಿಲ್ಲಬೇಕಾಯಿತು. ಮೈಗೆ ಏನೂ ಆಗಿರಲಿಲ್ಲ.

"ಬಾಗಿಲು ಒಡಿ ಅಣ್ಣ."

"ಒಳ್ಳೆ ಬಾಗಿಲು ಕಣೇ. ಸುಮ್ನೆ ನಿಂತ್ಕೋ, ಪಕ್ಕದ ಹಲಗೆ ಬಿಚ್ತೀನಿ."

ಅವನು ಬಿಚ್ಚತೊಡಗಿದ. ಮೊಳೆಯ ತಲೆ ಮುರಿಯಬಾರದೆಂದು ಎಣ್ಣೆ ಬಿಡುವುದು, ಸ್ವಲ್ಪ ಎಬ್ಬಿಸುವುದು, ಮತ್ತೆ ಎಣ್ಣೆ. ಕಿತ್ತ ಮೊಳೆ ಡಬ್ಬಿಗೆ ಬಿದ್ದು ಟಣ್ ಎನ್ನುತ್ತಿತ್ತು. ಆಮೇಲೆ ಬಹಳ ಹೊತ್ತು ಸದ್ದಿಲ್ಲ. ಸಂದಿನಲ್ಲಿ ಅವನ ಅಂಗಿಯ ಒಂದು ಚೂರು ಕಾಣುತ್ತಿತ್ತು. ಕತ್ತಲಲ್ಲಿ ತುಕ್ಕು, ಹಳೇ ಗ್ರೀಸು, ಇಲಿಯ ವಾಸನೆ.

"ಇನ್ನೂ ಎಷ್ಟು ಹೊತ್ತು?"

"ಅವಸರ ಮಾಡಿದ್ರೆ ಹಲಗೆ ಹೋಗ್ತದೆ."

"ಸೊಂಟ ಹೋಗ್ತಿದೆ ನಂದು."

"ಕೂತ್ಕೋ ಹಂಗಾದ್ರೆ."

ಅವಳು ಕೂತಳು. ಊಟದ ಹೊತ್ತಿಗೆ ನೆಸ್ತರ್ ಮನೆಗೆ ಹೋಗಿ ತಾನು ಉಂಡು, ಹಂದಿಕೊಬ್ಬು ಸವರಿದ ರೊಟ್ಟಿಯನ್ನೂ ಸೀಳಿದ ಈರುಳ್ಳಿಯನ್ನೂ ತಂದು ಸಂದಿಯಲ್ಲಿ ತೂರಿಸಿದ. ತೆಕ್ಲಾ ಎರಡೂ ಕೈ ಚಾಚಿ ತೆಗೆದುಕೊಂಡಳು. ಹಸಿವಾಗಿತ್ತು. ತಿನ್ನುತ್ತಿದ್ದಾಗ, ತಾನು ಇದನ್ನು ಇಷ್ಟು ಸಲೀಸಾಗಿ ತೆಗೆದುಕೊಂಡೆನಲ್ಲ ಎಂದು ಅವಳಿಗೆ ಒಂಥರಾ ಭಯವಾಯಿತು.

ಹೊರಗೆ ನೆಸ್ತರ್ ಖುಷಿಯಲ್ಲಿದ್ದ. "ಒಂದೂ ಹಾಳಾಗಿಲ್ಲ ನೋಡು. ಇವೇ ಹಲಗೇಲಿ ಮೊದಲಿಗಿಂತ ಗಟ್ಟಿ ಶೆಡ್ಡು ಏಳ್ತದೆ. ನೀನು ಹಿಡ್ಕೊಂಡ್ರೆ ನಾನು ಬಡೀತೀನಿ. ಕೊಯ್ಲಿಗೆ ಮುಂಚೆ ಸೂರು ಹಾಕಿಬಿಡೋಣ. ಆಮೇಲೆ ಹೋಗುವಿಯಂತೆ."

ತೆಕ್ಲಾ ಅಗಿಯುವುದನ್ನು ನಿಲ್ಲಿಸಿದಳು. ರೊಟ್ಟಿಯನ್ನು ಮಡಿಲಿನಿಂದ ಕೆಳಗಿಟ್ಟಳು. ಕಿತ್ತುಹಾಕಿದ್ದ ಓರೆಪಟ್ಟಿ ಕಾಲ ಬಳಿಯೇ ಬಿದ್ದಿತ್ತು. ಎತ್ತಿಕೊಂಡು, ಬಗ್ಗಿಕೊಂಡೇ, ಬಾಗಿಲಿನ ನಡುವಿನ ಹಲಗೆಗೆ ಗುದ್ದಿದಳು.

"ಏನದು? ತೆಕ್ಲಾ, ಅದು ಒಳ್ಳೆ ಹಲಗೆ."

ಮತ್ತೆ ಗುದ್ದಿದಳು. ಹಲಗೆ ಉದ್ದಕ್ಕೂ ಸೀಳಿತು.

"ನಿಧಾನ ಮಾರಾಯ್ತಿ. ಸಂಜೆಯೊಳಗೆ ನಾನೇ ತೆಗೀತೀನಿ ಅಂದ್ನಲ್ಲ."

"ನೀನು ಆ ಕಡೆ ಸರಿ."

ಅವಳು ತಲೆವಸ್ತ್ರ ಹರಿದುಕೊಂಡು ತೆವಳಿ ಹೊರಗೆ ಬಂದು ನಾಲ್ಕು ಹೆಜ್ಜೆ ಹಾಕುವುದಕ್ಕೂ, ಶೆಡ್ಡು ಪೂರ್ತಿ ಕುಸಿಯುವುದಕ್ಕೂ ಸರಿಹೋಯಿತು. ಕೋಳಿಮನೆಯ ಒಂದು ಮೂಲೆಯೂ ಅದರ ಜೊತೆ ಹೋಯಿತು. ಧೂಳಿನಲ್ಲಿ ಕೋಳಿಗಳು ದಿಕ್ಕಾಪಾಲಾಗಿ ಓಡಿದವು.

"ಕೆಡವೋ ಕೆಲಸ ಮುಗೀತಣ್ಣ," ಅಂದಳು ತೆಕ್ಲಾ.

ನೆಸ್ತರ್ ಸೀಳಿದ ಹಲಗೆಯ ಎರಡು ಹೋಳುಗಳನ್ನು ಸೇರಿಸಿ ಹಿಡಿದು ನೋಡುತ್ತಿದ್ದ.

ಉಕ್ರೇನಿನಿಂದ ಬಂದ ಆ ಜನರಲ್ಲಿ ದೂರ ಹೊರಡುವ ಮುಂಚೆ ಮನೆಮಂದಿಯೆಲ್ಲ ಒಂದು ಗಳಿಗೆ ಮಾತಿಲ್ಲದೆ ಕೂರುತ್ತಾರೆ. ಹಿರಿಯರು ಎದ್ದ ಮೇಲೆ ಉಳಿದವರು ಏಳಬೇಕು. ಹೊರಡುವ ದಿನ ಅಣ್ಣತಂಗಿ ಅಡಿಗೆಮನೆಯ ಬೆಂಚಿನ ಮೇಲೆ ಕೂತರು. ಪೆಟ್ಟಿಗೆ ಬಾಗಿಲಲ್ಲಿತ್ತು. ಗಳಿಗೆ ಕಳೆಯಿತು. ನೆಸ್ತರ್ ಏಳಲಿಲ್ಲ. ಹೊರಗೆ ಹರಾಸಿಮ್ ಹಾರನ್ ಹೊಡೆದ. ನೆಸ್ತರ್ ಎರಡೂ ಅಂಗೈ ಮಂಡಿಯ ಮೇಲಿಟ್ಟು ನೆಲ ನೋಡುತ್ತಲೇ ಇದ್ದ. ಹಾರನ್ ಮತ್ತೆ ಕೇಳಿತು.

"ಕೋಳಿಮನೆ ಮೂಲೆ ಬಿದ್ದೋಗಿದೆ," ಅಂದ ಅವನು, ಕೊನೆಗೆ.

ತೆಕ್ಲಾ ಅವನ ಹೆಗಲ ಮೇಲೆ ಕೈಯಿಟ್ಟು, ಅದೇ ಆಸರೆಯಲ್ಲಿ ಎದ್ದಳು. ಹಿರಿಯನು ಕೂತಿದ್ದಂತೆಯೇ ತೆಕ್ಲಾ ಮನೆ ಬಿಟ್ಟು ಹೋದಳು. ಅವತ್ತು ಗುರುವಾರ.